ನಿಮಿಷಕ್ಕೆ ಐದು ಉಸಿರು

"ಸಹಿ ಹಾಕು, ಕಡ್ಡಿ. ಎರಡು ಗಂಟೆಗೆ ವಿಚಾರಣೆ ಕಮಿಟಿ ಕೂರುತ್ತೆ. ಅಷ್ಟರೊಳಗೆ ಈ ಕಾಗದ ಮೇಲೆ ಹೋಗಬೇಕು."

ಮೇಟ್ರನ್ ಕಾಗದವನ್ನು ಮೇಜಿನ ಮೇಲೆ ಇನ್ನೊಂದು ಗೇಣು ಮುಂದಕ್ಕೆ ತಳ್ಳಿದರು. ಟೈಪು ಮಾಡಿದ ಮೂರೇ ಸಾಲು. ಒಂದನೇ ಹಾಸಿಗೆಯ ರೋಗಿಗೆ ತಾನು ಕೈತಪ್ಪಿ ಮಾರ್ಫಿನ್ ಎರಡು ಪಟ್ಟು ಕೊಟ್ಟಿರುವುದಾಗಿ, ಅದಕ್ಕೆ ತಾನೊಬ್ಬಳೇ ಹೊಣೆಯೆಂದು, ಮುಂದಿನ ಕ್ರಮಕ್ಕೆ ಬದ್ಧಳೆಂದು. ಕೆಳಗೆ ಖಾಲಿ ಗೆರೆ.

ಕಡ್ಡಿ ಸಿಸ್ಟರ್ ಕಾಗದ ನೋಡಲಿಲ್ಲ. ಗೋಡೆ ಗಡಿಯಾರ ನೋಡಿದಳು. ಹನ್ನೆರಡೂ ಮುಕ್ಕಾಲು.

ಮೈ ಕಡ್ಡಿಯಂತಿರುವುದಕ್ಕೆ ಆ ಹೆಸರು ಬಂತೆಂದು ವಾರ್ಡಿನ ಹೊಸಬರು ತಿಳಿದಿದ್ದರು. ಅದು ಮಾತಿಗೆ ಬಂದ ಹೆಸರೆಂದು ಹಳಬರಿಗೆ ಗೊತ್ತಿತ್ತು. ಕಡ್ಡಿ ಮುರಿದಂತೆ ಮಾತಾಡುವವಳನ್ನು ಯಾವ ಮೇಲಿನವರು ತಾನೆ ಸಹಿಸುತ್ತಾರೆ?

ಹನ್ನೊಂದೂವರೆಯಿಂದ ಅವಳು ಈ ಔಷಧಿ ಕೋಣೆಯಲ್ಲಿ ಬಂದಿ. ಎಂಟಡಿ ಉದ್ದ, ಆರಡಿ ಅಗಲ. ಮೂರು ಗೋಡೆಗೂ ಕಪಾಟು, ಮೂಲೆಯಲ್ಲಿ ಗುರುಗುಟ್ಟುವ ಫ್ರಿಜ್ಜು. ಕಿಟಕಿ ಇಲ್ಲ. ವಾರ್ಡಿಗೆ ಮದ್ದು ದಾಟಿಸಲು ಗೋಡೆಯಲ್ಲಿ ಒಂದು ಕಿಂಡಿ, ತಟ್ಟೆಯೊಂದು ನುಸುಳುವಷ್ಟೇ ಅಗಲ. ಅದರಿಂದ ಇಣುಕಿದರೆ ಒಂದನೇ ಹಾಸಿಗೆಯ ಕಾಲ್ದೆಸೆ ಮಾತ್ರ ಕಾಣುತ್ತಿತ್ತು. ಹೊದಿಕೆಯಡಿ ಎರಡು ಪಾದ, ಅಷ್ಟೇ.

ಆ ಪಾದಗಳು ಕಲ್ಲುಪುಡಿ ತಾತನವು. ಮೂವತ್ತು ವರ್ಷ ಕಲ್ಲು ಪುಡಿಮಾಡುವ ಕಾರ್ಖಾನೆಯಲ್ಲಿ ದುಡಿದು ಎದೆಗೂಡಿನ ತುಂಬ ಕಲ್ಲನ್ನೇ ತುಂಬಿಕೊಂಡು ಬಂದವರು. ಜೊತೆಗೆ ದುಡಿದ ಹತ್ತೊಂಬತ್ತು ಜನ ಕೆಮ್ಮಿ ಕೆಮ್ಮಿ ಮಣ್ಣಾಗಿದ್ದರು. ಕಾರ್ಖಾನೆ ಮೂಗಿಗೊಂದು ಬಟ್ಟೆಯನ್ನೂ ಕೊಡಲಿಲ್ಲವೆಂದು ಹೇಳಲು ಉಳಿದಿದ್ದ ನಾಲಗೆ ಇದೊಂದೇ. ನಾಳೆ ಹನ್ನೊಂದಕ್ಕೆ ನ್ಯಾಯಾಧೀಶರು ಹಾಸಿಗೆಯ ಪಕ್ಕಕ್ಕೇ ಬಂದು ಆ ಸಾಕ್ಷಿ ಬರೆದುಕೊಳ್ಳುವವರಿದ್ದರು. ಇಂದು ಬೆಳಿಗ್ಗೆ ಏಳೂವರೆಗೆ ಕಡ್ಡಿ ಪಕ್ಕೆ ನೋವಿಗೆ ಮಾರ್ಫಿನ್ ಕೊಟ್ಟಳು. ಎಂಟಕ್ಕೆ ತಾತನ ಉಸಿರು ಅಡಗತೊಡಗಿತು.

"ಮೇಡಂ, ಒಂದು ಪ್ರಶ್ನೆ. ಮಾರ್ಫಿನ್ ರಕ್ತನಾಳಕ್ಕೆ ಕೊಟ್ರೆ ಎಷ್ಟು ಹೊತ್ತು ಕೆಲಸ ಮಾಡುತ್ತೆ?"

"ನಂಗೇ ಪಾಠನಾ?"

"ಹೇಳಿ."

"ಮೂರು ಗಂಟೆ. ಹೆಚ್ಚಂದ್ರೆ ನಾಲ್ಕು, ಐದು." ಮೇಟ್ರನ್ ಸಿಡುಕಿದರು. "ಕಿಡ್ನಿ ಕೆಟ್ಟಿದ್ರೆ ಇನ್ನೂ ಜಾಸ್ತಿ."

"ತಾತನ ಕಿಡ್ನಿ ವರದಿ ನಿನ್ನೇದು. ನೀವೇ ನೋಡಿದ್ರಿ. ಏನೂ ಕೆಟ್ಟಿಲ್ಲ." ಕಡ್ಡಿ ಬೆರಳು ಮಡಚಿದಳು. "ಕೊಡೋಕೆ ಮುಂಚೆ ಪೂರ್ತಿ ಒಂದು ನಿಮಿಷ ಎಣಿಸಿದೀನಿ. ಹದಿನಾರು ಉಸಿರು. ಎಂಟು ಗಂಟೆಗೆ ಆರಾಯ್ತು, ಕಣ್ಣುಪಾಪೆ ಗುಂಡುಸೂಜಿ ಮೊನೆಯಷ್ಟಾಯ್ತು. ನಲೋಕ್ಸೋನ್ ಹಾಕಿದ್ವಿ, ಎದ್ದು ಕೂತ್ರು. ಒಂಬತ್ತೂ ಕಾಲಿಗೆ ಮತ್ತೆ ಎಂಟಕ್ಕೆ ಇಳೀತು. ಮತ್ತೆ ಹಾಕಿದ್ವಿ. ಹನ್ನೊಂದಕ್ಕೆ ಏಳು. ಮತ್ತೆ ಹಾಕಿದ್ವಿ. ಅಷ್ಟೊತ್ತಿಗೆ ನನ್ನ ಎಳ್ಕೊಂಡು ಬಂದು ಇಲ್ಲಿ ಕೂಡಿಹಾಕಿದ್ರಿ."

"ಅದು ಸಹಜ. ನಲೋಕ್ಸೋನ್ ಬೇಗ ಇಳಿಯುತ್ತೆ."

ಅದು ನಿಜ. ಮಾರ್ಫಿನ್ ಕೂತ ಕುರ್ಚಿಯಿಂದ ಅದನ್ನು ಎಬ್ಬಿಸಿ ತಾನು ಕೂರುವ ಮದ್ದದು. ಆದರೆ ಗಂಟೆಯೊಳಗೆ ತಾನೇ ಎದ್ದು ಹೋಗುತ್ತದೆ, ಕುರ್ಚಿ ಮತ್ತೆ ಹಳೆಯವನ ಪಾಲು.

"ನಲೋಕ್ಸೋನ್ ಇಳಿದ್ರೆ ಮಾರ್ಫಿನೂ ಇಳೀತಾ ಬರ್ಬೇಕಲ್ವ? ಹೊತ್ತು ಹೋದ ಹಾಗೆ ಉಸಿರು ಏರ್ಬೇಕು ಮೇಡಂ. ಇಲ್ಲಿ ಇಳೀತಿದೆ. ಎಲ್ಲಿಂದಲೋ ಇನ್ನೂ ಸುರೀತಾನೇ ಇದೆ."

ಮೇಟ್ರನ್ ಕನ್ನಡಕ ತೆಗೆದು ಒರೆಸಿದರು. ಅದರಲ್ಲಿ ಧೂಳಿರಲಿಲ್ಲ.

ಕಡ್ಡಿ ಎದ್ದು ಕಿಂಡಿಗೆ ಬಾಯಿಟ್ಟಳು. "ಆಯಮ್ಮಾ! ಓ ರೇಡಿಯೋ ಆಯಮ್ಮಾ!"

ಪೊರಕೆಯ ಸದ್ದು ನಿಂತಿತು. ಕಿಂಡಿಯಲ್ಲಿ ಸುಕ್ಕುಗಟ್ಟಿದ ಮುಖವೊಂದು ಮೂಡಿತು. ಇಪ್ಪತ್ತಾರು ವರ್ಷದಿಂದ ಈ ವಾರ್ಡಿನ ಮಲಮೂತ್ರ, ನೆತ್ತರು, ಸುದ್ದಿ ಎಲ್ಲವನ್ನೂ ಎತ್ತಿ ಹಾಕುತ್ತಿದ್ದವಳು.

"ಇದೀಯಾ ಮಗಳೇ? ನಿನ್ನ ಊಟ ಬೆಕ್ಕು ತಿಂತು. ಬದಲಿ ಸಿಸ್ಟರನ್ನ ಹೇಳಿಕೆ ಕೊಡೋಕೆ ಅಂತ ಮೇಲೆ ಕರ್ಕೊಂಡು ಹೋದ್ರು. ತುರ್ತು ಮದ್ದಿನ ಗಾಡಿನೂ ಸಾಕ್ಷಿ ಅಂತ ತಳ್ಕೊಂಡು ಹೋದ್ರು. ನಲವತ್ತು ಹಾಸಿಗೆಗೆ ಈಗ ನಾನೇ ಡಾಕ್ಟರು, ನಾನೇ ದೇವರು."

"ತಾತ ಹೇಗಿದಾರೆ?"

"ಗಡದ್ದು ನಿದ್ದೆ. ಬೆರಳಿಗೆ ಕಚ್ಚಿಸಿದಾರಲ್ಲ ಆ ಯಂತ್ರ, ತೊಂಬತ್ತಾರು ತೋರಿಸ್ತಿದೆ. ಮಗಳು ಪಕ್ಕದಲ್ಲೇ ಇದಾಳೆ."

"ಆ ಯಂತ್ರಕ್ಕೆ ಬೆಂಕಿ ಹಾಕು. ಮೂಗಿಗೆ ಆಮ್ಲಜನಕ ಬಿಡ್ತಿರೋವಾಗ ಅದು ಚೆನ್ನಾಗೇ ತೋರಿಸುತ್ತೆ, ಉಸಿರು ನಿಲ್ಲೋ ತನಕ ತೋರಿಸುತ್ತೆ. ಹೊಟ್ಟೆ ಮೇಲೆ ಕೈ ಇಡು. ಏರಿ ಇಳಿದ್ರೆ ಒಂದು. ನಾನು ಸಾಕು ಅನ್ನೋ ತನಕ ಎಣಿಸು."

ಕಡ್ಡಿ ಗಡಿಯಾರದ ಮುಳ್ಳಿನ ಮೇಲೆ ಕಣ್ಣಿಟ್ಟಳು. ಹೊರಗೆ ಆಯಮ್ಮನ ದನಿ ಒಂದೆಂದಿತು. ಆಮೇಲೆ ಎಷ್ಟೋ ಹೊತ್ತು ಏನಿಲ್ಲ. ಎರಡು. ಮತ್ತೆ ಅಷ್ಟೇ ಹೊತ್ತು. ಆ ನಡುವಿನ ಮೌನದಲ್ಲಿ ಫ್ರಿಜ್ಜು ಕೂಡ ಗುರುಗುಟ್ಟುವುದನ್ನು ನಿಲ್ಲಿಸಿದಂತಿತ್ತು.

"ಸಾಕು. ಎಷ್ಟು?"

"ಐದು, ಮಗಳೇ." ರೇಡಿಯೋ ದನಿ ಕೆಳಗಿಳಿದಿತ್ತು. "ಐದೇ."

ಕಡ್ಡಿ ತಿರುಗಿದಳು. ಸಹಿ ಹಾಕಿದರೆ ತನ್ನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಅದು ಹಾಗಿರಲಿ. ಸಹಿ ಹಾಕಿದ ಕ್ಷಣ ಎಲ್ಲರೂ ಹುಡುಕುವುದನ್ನು ನಿಲ್ಲಿಸುತ್ತಾರೆ, ಸುರಿಯುವುದು ಸುರಿಯುತ್ತಲೇ ಇರುತ್ತದೆ, ಸಂಜೆಯೊಳಗೆ ತಾತ ಇಪ್ಪತ್ತನೆಯವರಾಗುತ್ತಾರೆ. ಈ ಕಾಗದ ಬರೆಸಿರುವುದೇ ಅದಕ್ಕೆ.

"ಮೇಡಂ, ಬೆಳಿಗ್ಗೆ ಇಸಿಜಿ ತಂತಿ ಹಚ್ಚೋವಾಗ ನಾನೊಂದು ನೋಡಿದೆ. ಎಡಗಡೆ ಎದೇಲಿ ಒಂದು ಚೌಕ. ಬೆಂಕಿಪೊಟ್ಟಣದಷ್ಟು. ಅಲ್ಲಿ ಮಾತ್ರ ಕೂದಲಿಲ್ಲ."

"ಯಾವುದೋ ಪ್ಲಾಸ್ಟರಿಂದಾಗಿರುತ್ತೆ."

"ಪ್ಲಾಸ್ಟರಿಗೆ ನಾವು ಕೂದಲು ಬೋಳಿಸ್ತೀವಿ. ಇದು ಕತ್ತರೀಲಿ ಕತ್ತರಿಸಿದ್ದು. ನೋವಿನ ಪಟ್ಟಿ ಅಂಟಿಸೋವಾಗ ಮಾತ್ರ ಬೋಳಿಸಬಾರದು, ಚರ್ಮ ತರಚಿದ್ರೆ ಮದ್ದು ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತೆ, ಕತ್ತರಿಸಿ, ಕತ್ತರಿಸಿ ಅಂತ ನಮಗೆಲ್ಲ ಬಡ್ಕೊಂಡು ಕಲಿಸಿದ್ದು ಯಾರು?"

ಮೇಟ್ರನ್ ಕನ್ನಡಕವನ್ನು ಮೇಜಿನ ಮೇಲಿಟ್ಟರು.

"ಫೆಂಟನಿಲ್ ಪಟ್ಟಿ. ಮಾರ್ಫಿನ್ ಜಾತಿಯದೇ, ಅದಕ್ಕಿಂತ ನೂರು ಪಟ್ಟು ಬಲ. ಮೂರು ದಿನ ಚರ್ಮದಿಂದ ಒಳಕ್ಕೆ ಜಿನುಗ್ತಾ ಇರೋದು. ಆಳುಕಾಳುಗಳಿಗೆ ಗೊತ್ತಿಲ್ಲದ ವಿದ್ಯೆ ಅದು. ಕತ್ತರಿ ಹಿಡಿದಿದ್ದು ಕಲಿತ ಕೈ ಮೇಡಂ."

"ನನ್ನ ಮೇಲೆ ಹೇಳ್ತಿದೀಯಾ?"

"ಮೇಲೆ, ಕೆಳಗೆ ಅಂತಿಲ್ಲ. ನಿಮ್ಮನ್ನೇ ಕೇಳ್ತಿದೀನಿ."

ಮೂವತ್ನಾಲ್ಕು ವರ್ಷ ನೆಟ್ಟಗೆ ನಿಂತಿದ್ದ ಬೆನ್ನು ಕುರ್ಚಿಯ ಮೇಲೆ ಮೆಲ್ಲಗೆ ಕುಸಿಯಿತು. ಮೇಟ್ರನ್ ಕಾಗದವನ್ನು ಎಳೆದುಕೊಂಡರು. ಮಡಚಿದರು. ಬಿಡಿಸಿದರು.

"ನಿನ್ನೆ ಮಧ್ಯಾಹ್ನ ಎದೆ ಡಾಕ್ಟರು ಫೋನ್ ಮಾಡಿದ್ರು. ನೋವು ಜಾಸ್ತಿ ಇದೆ, ಒಂದು ಪಟ್ಟಿ ಅಂಟಿಸಿ, ಸಂಜೆ ಬಂದು ಆರ್ಡರ್ ಬರೀತೀನಿ ಅಂದ್ರು. ಅಂಟಿಸಿದೆ. ಅಷ್ಟೊತ್ತಿಗೆ ಆಡಳಿತಾಧಿಕಾರಿ ಕರೆದ್ರು, ತಪಾಸಣೆಯವರು ಬಂದಿದಾರೆ ಅಂತ. ಚಾರ್ಟಲ್ಲಿ ಆಮೇಲೆ ಬರಿಯೋಣ ಅಂದ್ಕೊಂಡೆ."

"ಡಾಕ್ಟರು ಬರೆದ್ರಾ?"

"ಅವರೂ ಬರೀಲಿಲ್ಲ."

"ನಿಮ್ಮ ಆ 'ಆಮೇಲೆ' ಅನ್ನೋದರ ಮೇಲೆ ನಾನು ಮಾರ್ಫಿನ್ ಸುರಿದೆ." ಕಡ್ಡಿ ಮೇಜಿಗೆ ಎರಡೂ ಕೈಯೂರಿದಳು. "ಚಾರ್ಟ್ ಖಾಲಿ ಇತ್ತು ಮೇಡಂ. ಖಾಲಿ ಚಾರ್ಟ್ ನಂಬಿ ಕೊಟ್ಟೆ. ಗೊತ್ತಿದ್ದೂ ಈ ಕಾಗದ ನನ್ನ ಮುಂದೆ ತಳ್ಳಿದ್ರಲ್ಲ!"

"ಮೂರು ತಿಂಗಳಲ್ಲಿ ನಿವೃತ್ತಿ ಕಣೇ. ಒಂದು ಕಪ್ಪುಚುಕ್ಕೆ ಇಲ್ಲ ನನ್ನ ಹೆಸರಿಗೆ. ಆಡಳಿತಾಧಿಕಾರಿ ಅಂದ್ರು, ಚಿಕ್ಕವಳು, ಎಲ್ಲಾದ್ರೂ ಬದುಕ್ಕೊಂತಾಳೆ..."

"ತಾತ? ಅವರೆಲ್ಲಿ ಬದುಕ್ಕೋಬೇಕು?"

"ತೆಗೆದೆ!" ಮೇಟ್ರನ್ ತಲೆ ಎತ್ತಿದರು. ಕಣ್ಣು ತುಂಬಿತ್ತು. "ಬೆಳಿಗ್ಗೆ ಉಸಿರು ಅಡಗಿದ ತಕ್ಷಣ ಎಲ್ಲರಿಗಿಂತ ಮುಂಚೆ ಓಡಿ ಹೋಗಿ ನನ್ನ ಕೈಯಾರೆ ಕಿತ್ತೆ. ಹೆಸರಿಗೆ ಹೆದರಿದೆ, ನಿಜ. ಜೀವ ತೆಗೆಯೋಳಲ್ಲ ನಾನು."

ಕಡ್ಡಿ ಅವರನ್ನೇ ದಿಟ್ಟಿಸಿದಳು. ಈ ಹೆಂಗಸು ಸುಳ್ಳು ಹೇಳುವಾಗ ಕನ್ನಡಕ ಒರೆಸುತ್ತಾಳೆ. ಈಗ ಕನ್ನಡಕ ಮೇಜಿನ ಮೇಲಿತ್ತು, ಕೈ ಮಡಿಲಲ್ಲಿತ್ತು.

ಪಟ್ಟಿ ಕಿತ್ತು ಐದು ಗಂಟೆ. ಚರ್ಮದಡಿ ಉಳಿದದ್ದು ಒಂದು ದಿನ ಸತಾಯಿಸುತ್ತದೆ, ಸರಿ. ಸತಾಯಿಸುತ್ತ ಸತಾಯಿಸುತ್ತ ಸೋಲಬೇಕು. ಆರರಿಂದ ಎಂಟು, ಎಂಟರಿಂದ ಹತ್ತು ಆಗಬೇಕು. ಐದಾಗುವುದು ಹೇಗೆ?

"ನೀವು ಅಂಟಿಸಿದ್ದು ಎಷ್ಟು?"

"ಒಂದೇ."

ಕಡ್ಡಿ ಕಿಂಡಿಗೆ ಹಾರಿದಳು. "ಆಯಮ್ಮಾ, ಕೈಗೆ ಗ್ಲೌಸ್ ಹಾಕ್ಕೊ. ತಾತನ್ನ ಪಕ್ಕಕ್ಕೆ ಹೊರಳಿಸು. ಬೆನ್ನು, ಹೆಗಲು, ತೋಳು ಎಲ್ಲ ನೋಡು. ಚರ್ಮಕ್ಕೆ ಅಂಟಿದ ತೆಳ್ಳನೆ ಚೌಕ ಏನಾದ್ರೂ ಇದೆಯಾ ನೋಡು."

ಹೊರಗೆ ಮಂಚ ಕಿರುಗುಟ್ಟಿತು. ತಾತನ ಮಗಳ ದನಿ ಕೇಳಿಸಿತು, "ಯಾಕಮ್ಮ ಹೊರಳಿಸ್ತೀಯ? ಈಗಷ್ಟೇ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟಿದೀನಿ."

ಔಷಧಿ ಕೋಣೆಯೊಳಗೆ ಇಬ್ಬರೂ ಒಮ್ಮೆಗೇ ಕೂಗಿದರು.

"ತೆಗೀ ಅದನ್ನ!"

ಅದು ಕಲಿತವರಿಗೆ ಮಾತ್ರ ಕೇಳಿಸುವ ಸಿಡಿಲು. ಪಟ್ಟಿಯ ಮೇಲೆ ಬಿಸಿ ಬಿದ್ದರೆ ಮೂರು ದಿನದ ಮದ್ದು ಗಂಟೆಗಳ ಲೆಕ್ಕದಲ್ಲಿ ಒಳಗಿಳಿಯುತ್ತದೆ. ಪ್ರೀತಿಯಿಂದ ಇಟ್ಟ ಚೀಲ ಕೆಳಗಿನ ವಿಷವನ್ನು ಹಿಂಡುತ್ತಿತ್ತು.

"ಸಿಕ್ತು!" ಆಯಮ್ಮನ ಕೂಗು. "ಎರಡು ಹೆಗಲಮೂಳೆ ಮಧ್ಯೆ. ಗಾಜಿನ ಥರ ಇದೆ. ಬಿಸಿಯಾಗಿ ಕೂತಿದೆ."

ಮೇಟ್ರನ್ ಕಿಂಡಿಗೆ ಬಂದು ಕಡ್ಡಿಯ ಹೆಗಲಿಗೆ ಹೆಗಲು ಒತ್ತಿ ನಿಂತರು. "ಅದರ ಮೇಲೆ ದಿನ, ವೇಳೆ, ಸಹಿ ಏನಿದೆ ಓದು."

"ಏನೂ ಇಲ್ಲ ಮೇಡಂ. ಬೋಳು."

"ನಂದಲ್ಲ." ಮೇಟ್ರನ್ ಪಿಸುಗುಟ್ಟಿದರು. "ನಾನು ಎದೆಗೆ ಅಂಟಿಸಿದ್ದು. ಚಾರ್ಟಲ್ಲಿ ಬರೆಯೋದು ಮರೆತೆ, ಪಟ್ಟಿ ಮೇಲೆ ಮರೀಲಿಲ್ಲ. ಕೈ ತಾನೇ ಬರೆದುಬಿಡುತ್ತೆ. ಯಾವ ನರ್ಸಮ್ಮನ ಕೈಯೂ ಬೋಳು ಪಟ್ಟಿ ಅಂಟಿಸಲ್ಲ."

"ಕಿತ್ತು ಹಾಕು ಆಯಮ್ಮ. ಅಂಟು ಒಳಗಾಗೋ ಹಾಗೆ ಮಡಚು. ಜಾಗ ಬರೀ ನೀರಲ್ಲಿ ಒರೆಸು, ಸೋಪು ಬೇಡ. ಎಸೀಬೇಡ, ಜೋಪಾನ!"

ಅಷ್ಟರಲ್ಲಿ ಮೇಟ್ರನ್ ಬಾಗಿಲಿಗೆ ಹೋಗಿ ಬಡಿಯತೊಡಗಿದ್ದರು. "ಕಾವಲು! ತೆಗೀ ಬಾಗಿಲು. ನಾನು ಹೊರಗೆ ಬರ್ಬೇಕು."

ಆಚೆಯಿಂದ ಕಾವಲುಗಾರ ಗಂಟಲು ಸರಿಮಾಡಿಕೊಂಡ. "ಬೀಗದ ಕೈ ನನ್ನತ್ರ ಇಲ್ಲ ಮೇಡಂ. ಆಡಳಿತಾಧಿಕಾರಿ ಸಾಹೇಬ್ರು ಮೇಲೆ ತಗೊಂಡು ಹೋದ್ರು."

"ನಾನು ಒಳಗಿದೀನಿ ಅಂತ ಅವರಿಗೆ ಗೊತ್ತಲ್ವ?"

"ಗೊತ್ತು ಮೇಡಂ. ಕಮಿಟಿ ಕರೆಯೋ ತನಕ ಇಬ್ರೂ ಅಲ್ಲೇ ಇರ್ಲಿ ಅಂದ್ರು."

ಮೇಟ್ರನ್ ಕೈ ಬಾಗಿಲಿನ ಮೇಲೇ ಉಳಿಯಿತು. ಕಡ್ಡಿಗೆ ನಗು ಬಂತು, ಕಹಿ ನಗು. ಮೇಲಿನವರ ಪರವಾಗಿ ಬೀಗ ಹಾಕಲು ಬಂದವರೂ ಬೀಗದೊಳಗೇ. ಔಷಧಿ ಕೋಣೆಗೆ ಫೋನ್ ತರಬಾರದೆಂಬ ನಿಯಮ ಮಾಡಿದ್ದೂ ಮೇಟ್ರನ್ನೇ. ಅವರ ಫೋನ್ ಅವರದೇ ಮೇಜಿನ ಮೇಲೆ ಒಂಟಿಯಾಗಿ ಬಿದ್ದಿತ್ತು.

"ಹಾಗಾದ್ರೆ ಓಡು!" ಮೇಟ್ರನ್ ಬಾಗಿಲಿಗೆ ಬಾಯಿಟ್ಟು ಅರಚಿದರು. "ಎದೆ ಡಾಕ್ಟರು ಎಲ್ಲಿದ್ರೂ ಕರ್ಕೊಂಡು ಬಾ. ಒಂದನೇ ಹಾಸಿಗೆ ಅನ್ನು. ಓಡೋ!"

ಬೂಟಿನ ಸದ್ದು ದೂರವಾಯಿತು.

ಕಡ್ಡಿ ಆಗಲೇ ಕಪಾಟಿನಲ್ಲಿ ಕೈಯಾಡಿಸುತ್ತಿದ್ದಳು. ಕೆಮ್ಮಿನದು, ಉಬ್ಬಸದ್ದು, ಹಬೆಯಂತ್ರಕ್ಕೆ ಹಾಕುವುದು, ಎಲ್ಲ ಸಾಲುಸಾಲು. ಮೂಲೆಯಲ್ಲಿ ಎರಡು ಪುಟ್ಟ ಗಾಜಿನ ಕುಪ್ಪಿ. ನಲೋಕ್ಸೋನ್. ಎರಡೇ. ಒಂದರ ಕತ್ತು ಮುರಿದು ಸಿರಿಂಜಿಗೆ ಎಳೆದಳು.

"ಕಿಂಡಿಯಿಂದ ಕೈ ಚಾಚಿದ್ರೂ ಹಾಸಿಗೆ ಎಟುಕಲ್ಲ." ಮೇಟ್ರನ್ ನುಡಿದರು. "ಡಾಕ್ಟರು ಬರ್ಲಿ."

"ಡಾಕ್ಟರು ಬರೋ ತನಕ ಐದು ಉಸಿರು ಕಾಯುತ್ತಾ? ಆಯಮ್ಮಾ, ಬಾ ಇಲ್ಲಿ. ನೀನೇ ಹಾಕ್ತೀಯ."

"ಆಯಾ ಕೈಲಿ ಸೂಜಿನಾ?" ಮೇಟ್ರನ್ ಬಾಯಿಂದ ಅದು ತಾನಾಗಿ ಹೊರಬಂತು. "ಕಾನೂನಿಗೆ ವಿರುದ್ಧ ಅದು!"

"ಈ ಬೀಗ ಕಾನೂನಿನ ಪ್ರಕಾರ ಇದೆಯಾ?"

ಕಿಂಡಿಯಲ್ಲಿ ಆಯಮ್ಮನ ಮುಖ ಬಿಳಿಚಿತ್ತು. "ನನ್ನ ಕೈಲಾಗಲ್ಲ ಮಗಳೇ. ಇಪ್ಪತ್ತಾರು ವರ್ಷದಿಂದ ಸತ್ತೋರನ್ನ ಒರೆಸಿ ಕಳಿಸಿದೀನಿ, ಒಂದು ಸಲ ಕೈ ನಡುಗಿಲ್ಲ. ಬದುಕಿರೋರ ಮೇಲೆ ಕೈ ಇಡೋಕೆ ಭಯ ಆಗ್ತಿದೆ."

"ರಕ್ತನಾಳ ಹುಡುಕೋದು ಬೇಡ. ಮಾಂಸಕ್ಕೆ ಹಾಕಿದ್ರೂ ಕೆಲಸ ಮಾಡುತ್ತೆ. ತೊಡೆಯ ಹೊರಮೈ, ನಡುಮಧ್ಯ. ಕಡ್ಡಿ ನೆಟ್ಟ ಹಾಗೆ ನೆಟ್ಟಗೆ ಚುಚ್ಚು, ಮೆಲ್ಲಗೆ ಒತ್ತು, ಎಳಿ."

ಆಯಮ್ಮ ಮೇಟ್ರನ್ ಕಡೆ ನೋಡಿದಳು. ಇಷ್ಟು ವರ್ಷ ಅಪ್ಪಣೆ ಬರುತ್ತಿದ್ದುದು ಆ ಮುಖದಿಂದಲೇ.

ಮೇಟ್ರನ್ ಕಣ್ಣು ಮುಚ್ಚಿ ತೆರೆದರು. "ಹಾಕಮ್ಮ. ನಾನು ಹೇಳಿದೆ ಅಂತ ಹೇಳು."

ಸಿರಿಂಜು ಕಿಂಡಿ ದಾಟಿತು. ಆಮೇಲೆ ಕಾಣಿಸಿದ್ದು ಎರಡು ಪಾದ ಮಾತ್ರ. ಕಡ್ಡಿ ಆ ಪಾದಗಳನ್ನೇ ನೆಟ್ಟ ಕಣ್ಣಿನಿಂದ ನೋಡಿದಳು. ಕಲಿತ ಎರಡು ಜೊತೆ ಕೈ ಗೋಡೆಯ ಈಚೆ ಬೆವರುತ್ತಿದ್ದವು. ಕಸ ಗುಡಿಸುವ ಕೈಯೊಂದು ಆಚೆ ಜೀವ ಹಿಡಿದಿತ್ತು.

"ಹಾಕಿದೆ," ಎಂದಿತು ರೇಡಿಯೋ.

ಒಂದು ನಿಮಿಷ. ಐದು. ಎರಡನೆಯ ನಿಮಿಷ. ಆರು. ಮೂರನೆಯದು. ಎಂಟು. ಮೇಟ್ರನ್ ಕಡ್ಡಿಯ ಕೈ ಹಿಡಿದಿದ್ದರು. ಯಾವಾಗ ಹಿಡಿದರೋ ಇಬ್ಬರಿಗೂ ಗೊತ್ತಿರಲಿಲ್ಲ. ಐದನೆಯ ನಿಮಿಷಕ್ಕೆ ಹೊದಿಕೆಯಡಿ ಬಲಪಾದ ಮಿಸುಕಿತು.

"ಹನ್ನೆರಡು! ಕಣ್ಣು ಬಿಟ್ರು! ನನ್ನನ್ನ ನೋಡಿ ಮುಖ ಸಿಂಡರಿಸಿದ್ರು!" ಆಯಮ್ಮ ಅಳುತ್ತಲೋ ನಗುತ್ತಲೋ ಕೂಗಿದಳು. "ನೋವು, ನೋವು ಅಂತಿದಾರೆ."

"ಅನ್ಲಿ ಬಿಡು. ನೋವಿದೆ ಅಂದ್ರೆ ಜೀವ ಇದೆ." ಕಡ್ಡಿ ಗಡಿಯಾರ ನೋಡಿದಳು. ಒಂದು ಹತ್ತು. ಈ ಉಸಿರು ಎರಡು ಗಂಟೆಯವರೆಗೆ ಬಂದರೆ ಹೆಚ್ಚು. ಉಳಿದ ಕುಪ್ಪಿಯನ್ನು ಇನ್ನೊಂದು ಸಿರಿಂಜಿಗೆ ಎಳೆದು ಮುಚ್ಚಳ ಹಾಕಿ ಮೇಟ್ರನ್ ಕೈಗಿಟ್ಟಳು. "ಇದು ಕೊನೇದು. ಮತ್ತೆ ಇಳಿದಾಗ ಬೇಕು."

ಆಮೇಲೆ ಕಿಂಡಿಗೆ ಬಾಗಿದಳು. "ತಂಗೀ, ಇಲ್ಲಿ ಬಾ."

ತಾತನ ಮಗಳು ಬಂದಳು. ಕಾರ್ಖಾನೆಯ ಧೂಳು ಅವಳ ಉಗುರಿನ ಸಂದಿಯಲ್ಲೂ ಇತ್ತು. ಅಪ್ಪನ ನಂತರ ಅಲ್ಲೇ ಕೆಲಸಕ್ಕೆ ಸೇರಿದ್ದವಳು.

"ಬೆನ್ನಿಗೆ ಆ ಪಟ್ಟಿ ಹಾಕಿದ್ದು ಯಾರು?"

"ನಾನೇ ಸಿಸ್ಟರ್." ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ. "ನಿನ್ನೆ ಸಂಜೆ. ಅಪ್ಪನಿಗೆ ಬೆನ್ನು ನೋವು ಅಂದಾಗ ಅವರೇ ಕೊಟ್ರು. ಅಂಟಿಸು, ಮೇಲೆ ಬಿಸಿನೀರಿನ ಚೀಲ ಇಡು, ಚೆನ್ನಾಗಿ ಇಳಿಯುತ್ತೆ, ನಾಳೆ ಮಾತಾಡೋ ಹೊತ್ತಿಗೆ ಹಾಯಾಗಿರ್ತಾರೆ ಅಂದ್ರು. ಸಿಸ್ಟರ್‌ಗಳಿಗೆ ಹೇಳ್ಬೇಡ, ಸುಮ್ನೆ ರೇಗ್ತಾರೆ ಅಂತಾನೂ ಅಂದ್ರು." ಅವಳು ತನ್ನ ಕೈ ನೋಡಿಕೊಂಡಳು. "ಅದರಿಂದನೇನಾ ಸಿಸ್ಟರ್? ನನ್ನ ಕೈಯಿಂದಾನೇನಾ?"

"ನಿನ್ನ ಕೈಯಲ್ಲ ತಂಗಿ. ಕೊಟ್ಟ ಕೈ. ಅವರು ಅಂದ್ರೆ ಯಾರು?"

ವಾರ್ಡಿನ ಬಾಗಿಲಲ್ಲಿ ಅವಸರದ ಹೆಜ್ಜೆ ಕೇಳಿಸಿತು. ಹಿಂದೆಯೇ ಕಾವಲುಗಾರನ ಏದುಸಿರು. ಮಗಳು ತಿರುಗಿ ನೋಡಿದಳು.

"ಅಗೋ, ಬಂದ್ರಲ್ಲ," ಅಂದಳು. "ಇವರೇ."

ಕಿಂಡಿಯಿಂದ ಅವಳ ಮುಖ ಸರಿಯಿತು. ಆ ಜಾಗಕ್ಕೆ ಇಸ್ತ್ರಿ ಮಾಡಿದ ಬಿಳಿ ತೋಳೊಂದು ಬಂತು. ಕೊರಳಿನ ಸ್ಟೆತಸ್ಕೋಪು ಕಿಂಡಿಯ ಅಂಚಿಗೆ ತಗುಲಿ ಟಣ್ಣೆಂದಿತು. ಅಂಗೈ ಮೇಲ್ಮುಖವಾಗಿ ಬಿಚ್ಚಿಕೊಂಡಿತು.

"ಏನಿದು ಗಲಾಟೆ?" ಎದೆ ಡಾಕ್ಟರ ದನಿ, ಎಂದಿನ ಮೆದು ದನಿ. "ಪಾಪ, ನಿಮ್ಮಿಬ್ಬರನ್ನೂ ಕೂಡಿಹಾಕಿದಾರಾ? ನಾನು ಮಾತಾಡ್ತೀನಿ. ಒಳಗಿರೋ ನಲೋಕ್ಸೋನ್ ಎಲ್ಲ ಇತ್ತ ಕೊಡಿ ಮೇಟ್ರನ್. ರೋಗಿ ಇನ್ನು ನನ್ನ ಜವಾಬ್ದಾರಿ. ಆಯಾ, ನೀನು ಹೊರಗೆ ನಡಿ. ನೀನೂ ನಡಿಯಮ್ಮ."

ಮೂವತ್ನಾಲ್ಕು ವರ್ಷ ಡಾಕ್ಟರು ಕೇಳಿದ್ದನ್ನು ಕೇಳಿದ ಕೂಡಲೇ ಕೊಟ್ಟ ಕೈ ಅದು. ಮೇಟ್ರನ್‌ಗೆ ತಿಳಿಯುವ ಮೊದಲೇ ಅವರ ಕೈ ಸಿರಿಂಜಿನೊಂದಿಗೆ ಕಿಂಡಿಯತ್ತ ಹೊರಟಿತ್ತು.

ಕಡ್ಡಿ ಮೇಟ್ರನ್ ಮಣಿಕಟ್ಟನ್ನು ಹಿಡಿದಳು.

ಡಾಕ್ಟರ ಅಂಗೈ ಹಾಗೇ ಬಿಚ್ಚಿಕೊಂಡು ಕಾಯುತ್ತಿತ್ತು. ಅದರಾಚೆ, ಹೊದಿಕೆಯಡಿಯ ಎರಡು ಪಾದಗಳ ಸುತ್ತ ಯಾರೋ ಹಸಿರು ಪರದೆ ಎಳೆಯುತ್ತಿದ್ದರು.